ಮುಯ್ಯಿ ಪುಸ್ತಕ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ತಮಗೆ ತಾವೇ ವಾಟ್ಸ್ಆ್ಯಪ್ ಸಂದೇಶ ಕಳಿಸಿಕೊಳ್ಳುತ್ತಾರೆ. ಗ್ಯಾಸ್ ಬುಕ್ ಮಾಡಿದ ದಿನ, ಬೆಳಗಿನ ಬಿ.ಪಿ., ಹಾಲಿನವನ ಬಾಕಿ ಎಲ್ಲ ಅಲ್ಲೇ. ‘ಎದುರು ಮಾತಾಡದೆ ಕೇಳಿಸ್ಕೊಳ್ಳೋದು ಈ ಮನೇಲಿ ಇದೊಂದೇ ಕಣಯ್ಯ’ ಎಂಬುದು ಅವರ ಸಮಜಾಯಿಷಿ. ನಗುವ ನಾವೂ ಮಾಡುತ್ತಿರುವುದು ಅದನ್ನೇ. ತರಕಾರಿ ಲೆಕ್ಕ ಫೋನ್‌ಪೇಯಲ್ಲಿ, ಸಂಬಳದ ಚೀಟಿ ಜಿಮೇಲಿನಲ್ಲಿ, ನೆಂಟರ ಹುಟ್ಟುಹಬ್ಬ ಫೇಸ್‌ಬುಕ್ಕಿನಲ್ಲಿ. ಇವು ಯಾವುವೂ ದಫ್ತರ ಇಡಲೆಂದು ಹುಟ್ಟಿದವಲ್ಲ. ಪುಕ್ಕಟೆ ಸಿಕ್ಕ ಆಳೆಂದು ಆ ಹೊರೆಯನ್ನೂ ಹೊರಿಸಿದ್ದೇವೆ.

ಆ ಕೆಲಸಕ್ಕೆಂದೇ ಹುಟ್ಟಿದ ಡಿಜಿಲಾಕರ್ 2015ರಿಂದ ಇದೆ. ಅದರೊಳಗಿನ ಡ್ರೈವಿಂಗ್ ಲೈಸೆನ್ಸ್ ಮೂಲ ಪ್ರತಿಗೆ ಸಮವೆಂದು ಕಾನೂನೇ ಹೇಳುತ್ತದೆ. ಆದರೂ ಕೌಂಟರಿನ ಆಚೆಯಿಂದ ‘ಒಂದು ಜೆರಾಕ್ಸ್ ಕೊಟ್ಬಿಡಿ’ ಎಂಬ ದನಿ ಬಂದೇ ಬರುತ್ತದೆ. ತಾಲ್ಲೂಕು ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗಳಿಗೆ ಸದ್ಯಕ್ಕೆ ಭಯವಿಲ್ಲ.

ಗಟ್ಟಿಯಾಗಿದ್ದರೆ ಮಾತ್ರ ಬರಹ ಉಳಿಯುತ್ತದೆ ಎನ್ನುವಂತೆಯೂ ಇಲ್ಲ. ಹಿಂದೆ ಶಾನುಭೋಗರು, ವರ್ತಕರು ಬರೆಯುತ್ತಿದ್ದ ಕಡತವೆಂದರೆ ಹುಣಿಸೆಬೀಜದ ಸರಿಗೆ ಇದ್ದಿಲು ಪುಡಿ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ ಮಡಿಸಿದ ಕಪ್ಪು ಪಟ್ಟಿ. ಬರೆಯುವುದು ಬಳಪದಲ್ಲಿ; ಒರೆಸಿದರೆ ಹೋಯಿತು. ಅಂಥ ಕಡತಗಳು ಶೃಂಗೇರಿ ಮಠದಲ್ಲಿ ಶತಮಾನಗಳನ್ನು ದಾಟಿ ಬಂದಿವೆ, ಯಾರೂ ಒರೆಸಲಿಲ್ಲವಾದ್ದರಿಂದ. ಆರ್ಕುಟ್ ಎಂಬ ಜಾಲತಾಣದ ಬರಹಗಳಿಗೆ ಒದ್ದೆ ಬಟ್ಟೆಯ ಭಯವಿರಲಿಲ್ಲ. 2014ರ ಸೆಪ್ಟೆಂಬರ್ 30ಕ್ಕೆ ಅದು ಅಂಗಡಿಯನ್ನೇ ಮುಚ್ಚಿತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ಗೂಗಲ್‌ನ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಮೊದಲು ನೋಟೀಸನ್ನಾದರೂ ಕೊಡುತ್ತಾರೆ. ಗೆದ್ದಲಿಗೆ ಆ ಸೌಜನ್ಯವೂ ಇರಲಿಲ್ಲ.

ಅಳಿದರೆ ಅಳಿಯಲಿ. ನನಗೆ ಪೇಚೆನಿಸುವುದು ಮನೆಯ ಲೆಕ್ಕ ಒಬ್ಬರ ಲೆಕ್ಕವಾಗುತ್ತಿರುವುದು. ಮುಯ್ಯಿ ಪುಸ್ತಕವನ್ನೇ ನೋಡಿ. ಮದುವೆ ಚಪ್ಪರದಲ್ಲಿ ಅಕ್ಷರ ಚೆಂದವಿದ್ದವನೊಬ್ಬ ಬರೆದದ್ದು, ಜಾತಕ, ಕಂದಾಯ ರಸೀತಿಗಳ ಜತೆ ಟ್ರಂಕು ಸೇರುತ್ತಿತ್ತು. ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಮುಯ್ಯಿ ತೀರಿಸಲು ಹೊರಡುವ ಹಿಂದಿನ ರಾತ್ರಿ ಪುಸ್ತಕ ಹೊರಗೆ ಬರಬೇಕು, ಓದು ಬಂದ ಹುಡುಗ ಜೋರಾಗಿ ಓದಬೇಕು. ‘ಹೊಳೆಯಾಚೆ ಸುಬ್ಬಕ್ಕ, ಹನ್ನೊಂದು ರೂಪಾಯಿ, ಒಂದು ಚೊಂಬು.’ ಚೊಂಬು ತೂತಿತ್ತು ಎಂದು ಒಬ್ಬರು. ಆ ವರ್ಷ ಅವರಿಗೆ ಬೆಳೆ ಕೈಗೆ ಹತ್ತಿರಲಿಲ್ಲ ಪಾಪ, ಎಂದು ಇನ್ನೊಬ್ಬರು. ಹನ್ನೊಂದಕ್ಕೆ ಇಪ್ಪತ್ತೊಂದು ಹಾಕುವುದೆಂದು ಕಡೆಗೆ ಎಲ್ಲರೂ ಸೇರಿ ತೀರ್ಮಾನ.

ಈಗ ಛತ್ರದ ಬಾಗಿಲಲ್ಲೇ ಕ್ಯೂಆರ್ ಕೋಡು. ಒಂದು ಪೈಸೆ ತಪ್ಪುವುದಿಲ್ಲ. ಆದರೆ ದುಡ್ಡು ಯಾರ ಖಾತೆಗೆ ಬಿತ್ತೋ ಅವನ ಬೆರಳಿಲ್ಲದೆ ಫೋನು ತೆರೆಯದು, ಅವನೋ ಪುಣೆಯಲ್ಲಿ. ತೆರೆದು ಓದಿದನೆಂದೇ ಇಟ್ಟುಕೊಳ್ಳಿ, ಅಲ್ಲಿರುವುದು ಬ್ಯಾಂಕಿನ ಹೆಸರು: ‘ಸುಬ್ಬಲಕ್ಷ್ಮಮ್ಮ ಕೆ ಎಸ್’. ಯಾವ ಸುಬ್ಬಲಕ್ಷ್ಮಮ್ಮ? ಎಷ್ಟೋ ಸಲ ಅದೂ ಇರುವುದಿಲ್ಲ. ನೆಟ್‌ವರ್ಕ್ ಸಿಗದೆ ಪಕ್ಕದ ಕುರ್ಚಿಯವನ ಕೈಲಿ ಹಾಕಿಸಿ, ಅವನಿಗೆ ನಗದು ಕೊಟ್ಟಿರುತ್ತಾರೆ.

ನಮ್ಮ ಸೋದರತ್ತೆ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಕ್ಯೂಆರ್ ಕೋಡಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಮೊನ್ನೆಯ ಮದುವೆಯಲ್ಲಿ ಪ್ಯಾಂಟು ಕೋಟಿನ ಯುವಕನೊಬ್ಬ ಸ್ಕ್ಯಾನ್ ಮಾಡಿ, ದುಡ್ಡು ಹೋಯಿತೆಂದು ಫೋನನ್ನು ಅವರ ಕನ್ನಡಕದ ಮುಂದೆ ಹಿಡಿದ. ‘ಅದಿರ್ಲಪ್ಪ’ ಎಂದು ಪೆನ್ನಿನ ಮುಚ್ಚಳ ತೆಗೆದರು, ‘ನೀನು ಯಾರ ಮನೆ ಹುಡುಗ ಹೇಳು.’