ಹವಳಗಾದ ಹುಡುಗ, ಅಘನಾಶಿನಿಯ ಉಬ್ಬರ

ಹವಳಗಾದಲ್ಲಿ ಹವಳವಿಲ್ಲ. ಅಫಜಲಪುರ ತಾಲ್ಲೂಕಿನ ಈ ಊರಿನಿಂದ ಯಾವ ದಿಕ್ಕಿಗೆ ನಡೆದರೂ ಕಡಲು ಮುನ್ನೂರು ಕಿಲೋಮೀಟರಿಗಿಂತ ದೂರ. ಸುತ್ತ ಎರೆಮಣ್ಣು, ತೊಗರಿ, ಕಬ್ಬು. ಒಂದು ಸಕ್ಕರೆ ಕಾರ್ಖಾನೆ. ತಾಲ್ಲೂಕಿನ ಅಂಚಿಗೆ ಭೀಮಾನದಿ. ಆ ಭೀಮೆಯಲ್ಲಿ ಎರೆಹುಳು ಸಿಕ್ಕಿಸಿದ ಗಾಳ ಹಾಕಿ ಕುಳಿತು ಬೆಳೆದ ಹುಡುಗನೊಬ್ಬ, ಈಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿರುವವನು, ಕಳೆದ ಡಿಸೆಂಬರಿನಲ್ಲಿ ಕುಮಟೆಗೆ ಹೊರಟ. ಅಲ್ಲಿ ನೌಕರಿಯಲ್ಲಿರುವ ಸೋದರಮಾವನಿಗೆ ‘ಫ್ಲೈ ಫಿಶಿಂಗ್’ ಹುಚ್ಚು. ‘ಉಪ್ಪುನೀರಿನಲ್ಲಿ ಒಮ್ಮೆ ಹಿಡಿದು ನೋಡು ಬಾ’ ಎಂದು ಅವರು ಕರೆದಿದ್ದರು. ‘ನೀರಿನ ಹತ್ತಿರ ಹುಷಾರು’ ಎಂದು ತಾಯಿ ಹೇಳಿದ್ದಕ್ಕೆ ಹುಡುಗ ನಕ್ಕ. ಭೀಮೆಯನ್ನು ಈಜಿ ದಾಟುವವನಿಗೆ ಇದೆಂಥ ಬುದ್ಧಿವಾದ!

ವಿಜಯಪುರ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ನಾನೂರು ಕಿಲೋಮೀಟರು ಮೀರಿದ ಬಸ್ ಪ್ರಯಾಣ. ಅದನ್ನು ವರ್ಣಿಸುವಂಥದ್ದೇನೂ ಇಲ್ಲ. ಹುಡುಗ ಮುಕ್ಕಾಲು ದಾರಿ ನಿದ್ದೆ ಹೊಡೆದ.

ಫ್ಲೈ ಎಂದರೆ ನೊಣ. ಆದರೆ ಗಾಳಕ್ಕೆ ಸಿಕ್ಕಿಸುವುದು ನೊಣವನ್ನಲ್ಲ. ಕೊಕ್ಕೆಯ ಮೇಲೆ ಕೂದಲು, ಗರಿ, ಮಿನುಗುವ ಎಳೆಗಳನ್ನು ದಾರದಿಂದ ಬಿಗಿದು ಸಿಗಡಿಯ ಹಾಗೆ, ಮರಿಮೀನಿನ ಹಾಗೆ ಕಾಣುವಂತೆ ಮಾಡಿದ ಬೊಂಬೆ ಅದು. ತೂಕ ಒಂದೆರಡು ಗ್ರಾಂ ಇದ್ದರೆ ಹೆಚ್ಚು. ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು. ದಾರವೇ ದಪ್ಪ, ದಾರವೇ ಭಾರ. ಅದು ಹಗುರವಾದ ಬೊಂಬೆಯನ್ನು ಹೊತ್ತೊಯ್ಯುತ್ತದೆ. ಮಾವನ ಬಳಿ ಇದ್ದದ್ದು ‘ಎಂಟನೇ ನಂಬರಿನ’ ದಾರ. ಈ ಅಳತೆಯ ಪ್ರಕಾರ ಅದರ ಮೊದಲ ಒಂಬತ್ತು ಮೀಟರು ಸುಮಾರು 13.6 ಗ್ರಾಂ ತೂಗಬೇಕು. ಕೋಲನ್ನು ಹಿಂದಕ್ಕೆ ಬೀಸಿದಾಗ ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳಬೇಕು. ಆಗ ಮಾತ್ರ ಕೋಲು ಬಿಲ್ಲಿನಂತೆ ಬಾಗಿ, ಮುಂದಕ್ಕೆ ಬೀಸುವಾಗ ಶಕ್ತಿ ಕೊಡುತ್ತದೆ. ಹೊಸಬರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮನೆಯ ಹಿಂದಿನ ಗದ್ದೆಯಲ್ಲಿ ಹುಡುಗ ಮೊದಲ ಸಂಜೆ ದಾರವನ್ನು ತನ್ನ ಕಿವಿಗೇ ಸುತ್ತಿಕೊಂಡ. ‘ಹಿಂದಕ್ಕೂ ನೋಡೋ’ ಎಂದು ಮಾವ ಹತ್ತು ಸಲ ಹೇಳಿರಬೇಕು.

ಇದು ಹೊರಗಿನವರ ಹೊಸ ಖಯಾಲಿ ಎಂದುಕೊಳ್ಳಬೇಕಿಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಬರೆದ, ಭಾರತದ ಗಾಳಗಾರರ ಹಳೆಯ ಕೈಪಿಡಿ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ.

ಮರುದಿನ ಅಮಾವಾಸ್ಯೆ ಕಳೆದ ಬೆಳಗು. ಆರೂವರೆಗೆ ಇಬ್ಬರೂ ಅಘನಾಶಿನಿಯ ಅಳಿವೆಯಲ್ಲಿದ್ದರು. ಈ ನದಿಗೆ ಅಣೆಕಟ್ಟಿಲ್ಲ. ಪಕ್ಕದ ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಅಳಿವೆಯ ಉಪ್ಪು ತಗ್ಗಿದೆ, ಇಲ್ಲಿ ಹಾಗಿಲ್ಲ. ಬೇಸಿಗೆ ಹತ್ತಿರವಾದಂತೆ ಕಡಲು ತನ್ನ ಪಾಲನ್ನು ಕೇಳಿಕೊಂಡು ಒಳಗೆ ಬರುತ್ತದೆ. ಅದರಿಂದಲೇ ಕಾಂಡ್ಲಾ ಕಾಡು, ಸಿಗಡಿ, ಬಳಚು, ಗಜನಿ ಗದ್ದೆಗಳಲ್ಲಿ ಉಪ್ಪು ಸಹಿಸಿ ಬೆಳೆಯುವ ಕಗ್ಗ ಭತ್ತ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್‌ಸರ್ ಮಾನ್ಯತೆ ಸಿಕ್ಕಿದೆ. ಉಪ್ಪುನೀರಿನಲ್ಲಿ ಭತ್ತವೆಂದರೆ ಹುಡುಗ ನಂಬಲೇ ಇಲ್ಲ. ಅವನ ಊರಿನ ಕಡೆ ಹೊಲಕ್ಕೆ ಉಪ್ಪು ಏರಿತೆಂದರೆ ಅದು ಕೆಟ್ಟಿತೆಂದೇ ಅರ್ಥ.

ಇಳಿತ ಮುಗಿಯುವ ಹೊತ್ತು. ದಡಕ್ಕೂ ಮರಳದಿಬ್ಬಕ್ಕೂ ನಡುವಿನ ಕಾಲುವೆಯಲ್ಲಿ ಪಾದ ಮುಳುಗುವಷ್ಟೇ ನೀರು. ಮಣ್ಣಿನಲ್ಲಿ ಹುದುಗಿದ ತೊರಕೆ ಮೀನಿನ ಮುಳ್ಳು ತಾಗದಿರಲೆಂದು ಪಾದ ಎತ್ತದೆ ಉಜ್ಜುತ್ತ ನಡೆದು ದಿಬ್ಬ ಹತ್ತಿದರು. ಆಚೆ ಸೀರೆ ಎತ್ತಿಕಟ್ಟಿದ ಹತ್ತಾರು ಹೆಂಗಸರು ಬಗ್ಗಿ ಬಳಚು ಹೆಕ್ಕುತ್ತಿದ್ದರು. ಮಾವ ಒಂದು ಕಪ್ಪು ಕನ್ನಡಕ ಕೊಟ್ಟರು. ಹಾಕಿಕೊಂಡರೆ ನೀರಿನ ಮೇಲಿನ ಥಳಥಳ ಮಾಯವಾಗಿ ತಳದ ಮರಳು, ಏಡಿಯ ಗುಳಿ ಎಲ್ಲ ಕಂಡವು. ಓರೆಯಾಗಿ ಪ್ರತಿಫಲಿಸುವ ಬೆಳಕು ಹೆಚ್ಚಾಗಿ ಒಂದೇ ಸಮತಲದಲ್ಲಿ ಕಂಪಿಸುತ್ತದೆ, ಅದನ್ನು ಪೋಲರಾಯ್ಡ್ ತಡೆಯುತ್ತದೆ ಎಂಬ ಪಾಠವನ್ನು ಅವನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿದ್ದ. ಕಣ್ಣಾರೆ ಕಂಡದ್ದು ಆವತ್ತೇ.

ಏಳರ ಸುಮಾರಿಗೆ ನೀರು ತಿರುಗಿತು. ಉಬ್ಬರದೊಂದಿಗೆ ಸಿಗಡಿ, ಸಿಗಡಿಯ ಹಿಂದೆ ಬೇಟೆಯ ಮೀನು. ದಿಬ್ಬದ ಅಂಚಿನಲ್ಲಿ ಒಂದು ಉದ್ದನೆಯ ನೆರಳು ಸರಿಯಿತು. ಈ ತೀರದ ಕೊಂಕಣಿಗರು ‘ಚೋಣಕ’ ಎನ್ನುವ ಮೀನು ಇರಬೇಕು. ಹುಡುಗ ಬೀಸಿದ. ಅಪರೂಪಕ್ಕೆ ದಾರ ನೇರ ಬಿತ್ತು. ಎಡಗೈಯಿಂದ ದಾರವನ್ನು ಗೇಣುಗೇಣು ಎಳೆದ. ಧಡಕ್ಕನೆ ಭಾರ ಬಿತ್ತು. ಭೀಮೆಯ ಅಭ್ಯಾಸ, ಕೋಲನ್ನು ಮೇಲಕ್ಕೆತ್ತಿಬಿಟ್ಟ! ಬಳುಕುವ ಕೋಲು ಬಾಗಿತೇ ಹೊರತು ಕೊಕ್ಕೆ ನಾಟಲಿಲ್ಲ. ಕೋಲನ್ನು ನೀರಿನ ಕಡೆಗೇ ಹಿಡಿದು ಕೈಯಿಂದ ದಾರವನ್ನು ಜಗ್ಗಬೇಕಿತ್ತು. ಮೀನು ಹೋಯಿತು.

ಇನ್ನೊಂದು ಸಿಕ್ಕೇ ಸಿಗುತ್ತದೆಂಬ ಹಟಕ್ಕೆ ಅವನು ಬಿದ್ದ. ಮಾವ ನೂರು ಹೆಜ್ಜೆ ಆಚೆ ಕಲ್ಲಿಗೆ ಸಿಕ್ಕಿಕೊಂಡ ತಮ್ಮ ಕೊಕ್ಕೆಯೊಂದಿಗೆ ಸೆಣಸುತ್ತಿದ್ದರು. ಕಾಲ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಆರು ಗಂಟೆಗಳ ಏರಿಕೆಯಲ್ಲಿ ನೀರು ಸಮನಾಗಿ ಏರುವುದಿಲ್ಲ. ನಾವಿಕರ ಲೆಕ್ಕದಲ್ಲಿ ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು. ಮೊದಲ ಗಂಟೆಯನ್ನು ನೋಡಿ ನಂಬಿದವನು ಮೂರನೆಯದರಲ್ಲಿ ಸಿಕ್ಕಿಬೀಳುತ್ತಾನೆ.

‘ಓ ತಮಾ, ಹಿಂದೆ ನೋಡಾ! ನೀರು ಬಂತು!’

ಬಳಚಿನ ಹೆಂಗಸೊಬ್ಬಳ ಕೂಗು. ಅವಳ ಜೊತೆಯವರು ಆಗಲೇ ದಡ ಸೇರಿದ್ದರು. ಹುಡುಗ ತಿರುಗಿ ನೋಡಿದರೆ, ಬರುವಾಗ ಪಾದ ಮುಳುಗಿಸಿದ್ದ ಕಾಲುವೆ ಈಗ ಕಂದು ನೀರು ತುಂಬಿ ಹರಿಯುತ್ತಿತ್ತು, ಅದೂ ಮೇಲ್ಮುಖವಾಗಿ! ‘ಮಾಮಾ, ಈ ನೀರು ಎಲ್ಲಿಂದ ಬರ್ಲಿಕತ್ತದ?’ ಎಂದಷ್ಟೇ ಅವನ ಬಾಯಿಂದ ಬಂತು. ನೇರ ಧುಮುಕಿ ಈಜಲು ಹೊರಟವನ ರಟ್ಟೆಯನ್ನು ಮಾವ ಓಡಿ ಬಂದು ಹಿಡಿದರು. ಹೆಂಗಸು ಅಡ್ಡಾದಿಡ್ಡಿಯಾಗಿ, ತನಗೆ ಗೊತ್ತಿದ್ದ ಗಟ್ಟಿ ನೆಲದ ಮೇಲೆ ಮುಂದೆ ನಡೆದಳು. ತಲೆಯ ಮೇಲೆ ಅವಳ ಬುಟ್ಟಿ, ಹಿಂದೆ ಕೋಲು ಎತ್ತಿ ಹಿಡಿದ ಇಬ್ಬರು ಗಂಡಸರು. ನೀರು ಹುಡುಗನ ಎದೆಗೆ ಬಂದು, ಒಂದು ಕಡೆ ಭುಜಕ್ಕೂ ಬಂದು, ಮತ್ತೆ ಇಳಿಯಿತು. ದಡದಲ್ಲಿ ಬುಟ್ಟಿ ಇಳಿಸಿದ ಅವಳು, ನಾಲ್ಕು ಬಳಚು ಕಡಿಮೆಯಾದವೆಂದು ಇವರನ್ನು ಬೈದಳು. ಬೈಗುಳಕ್ಕೆ ಕಾರಣವಿತ್ತು. ಇವರನ್ನು ಕರೆಯಲೆಂದು ಅವಳು ಅರ್ಧ ದಾರಿಯಿಂದ ಹಿಂದಿರುಗಿದ್ದಳು.

ಮನೆಗೆ ಬಂದು ಗಿರಕಿಯನ್ನು ಸಿಹಿನೀರಿನಲ್ಲಿ ತೊಳೆಯುವಾಗ ಮಾವ ಹೆಚ್ಚು ಮಾತಾಡಲಿಲ್ಲ. ತಪ್ಪು ತಮ್ಮದೂ ಇತ್ತೆಂದು ಅವರಿಗೆ ಗೊತ್ತಿತ್ತು. ರಾತ್ರಿ ಹುಡುಗ ತಾನಾಗಿಯೇ ನೋಟ್‌ಪುಸ್ತಕದಲ್ಲಿ ಗೀಚಿದ. ಚಂದ್ರ ಭೂಮಿಯನ್ನು ಸುತ್ತುತ್ತ ಮುಂದೆ ಸರಿಯುವುದರಿಂದ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡ. ಹಾಗಾದರೆ ನಾಳೆ ನೀರು ತಿರುಗುವುದು ಎಂಟಕ್ಕೆ ಸ್ವಲ್ಪ ಮೊದಲು. ಒಂಬತ್ತಕ್ಕೆ ದಿಬ್ಬ ಬಿಡಬೇಕು.

ಮರುದಿನ ಎಂಟೂವರೆಗೆ ಅವನಿಗೆ ಅಂಗೈ ಉದ್ದದ ಒಂದು ಕೊಕ್ಕರ್ ಮೀನು ಸಿಕ್ಕಿತು. ಈ ಸಲ ಕೋಲು ಎತ್ತಲಿಲ್ಲ, ದಾರ ಜಗ್ಗಿದ. ಮರಿಯಾದ್ದರಿಂದ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ನೀರಿನಲ್ಲೇ ಒಂದಿಷ್ಟು ಹೊತ್ತು ಹಿಡಿದುಕೊಂಡ. ಬೆಳ್ಳಿಯ ಬಿಲ್ಲೆಯಂತೆ ಹೊಳೆದು ಅದು ಜಾರಿಹೋಯಿತು. ಮಾವ ಚಪ್ಪಾಳೆ ತಟ್ಟುವ ಹೊತ್ತಿಗೆ ಹುಡುಗ ಬೆನ್ನು ತಿರುಗಿಸಿ ಕಾಲುವೆಯನ್ನು ನೋಡುತ್ತಿದ್ದ.