ದವಡೆಯ ಕೀಲು, ಯಂತ್ರದ ಕಲಿಕೆ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕಲಿತು, ಅನಂತರ ದಶಕಗಳ ಕಾಲ ಪ್ರವಚನವನ್ನೇ ಕಾಯಕವಾಗಿ ನಡೆಸಿಕೊಂಡು ಬಂದ ನಮಗೆ ಬಾಯಿಯೇ ಬದುಕು. ಆ ಬಾಯಿಯೇ ತೆರೆಯದಾದರೆ ಹೇಗಾದೀತು? ಕೆಲವು ವರ್ಷಗಳ ಹಿಂದೆ ನಮಗೆ ಅಂತಹ ಸ್ಥಿತಿ ಒದಗಿತು.

ಮೊದಲು ಎಡಗಿವಿಯ ಮುಂದೆ ನೋವು. ತುತ್ತು ಅಗಿಯುವಾಗ ಕಟಕ್ಕೆಂಬ ಸದ್ದು. ಕಿವಿಯ ರೋಗವೆಂದು ಹನಿಔಷಧ ಹಾಕಿಸಿಕೊಂಡೆವು. ಹಲ್ಲಿನ ದೋಷವೆಂದು ವೈದ್ಯರೊಬ್ಬರು ಗಟ್ಟಿಯಾದ ದವಡೆಹಲ್ಲೊಂದನ್ನು ಕಿತ್ತರು. ಹಲ್ಲು ಹೋಯಿತು, ನೋವು ಉಳಿಯಿತು. ಕೆಲವು ತಿಂಗಳುಗಳಲ್ಲಿ ಸದ್ದು ತಾನಾಗಿಯೇ ನಿಂತಾಗ ಗುಣವಾಯಿತೆಂದು ಹಿಗ್ಗಿದೆವು. ಆದರೆ ಅಂದಿನಿಂದ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಾಯಿತು.

ದಂತವೈದ್ಯಕೀಯ ಓದುತ್ತಿರುವ ನಮ್ಮ ತಮ್ಮನ ಮೊಮ್ಮಗಳು ರಜೆಗೆ ಬಂದಿದ್ದಳು. ನಮ್ಮ ಕಿವಿಗಳ ಮುಂದೆ ಬೆರಳಿಟ್ಟು, ಬಾಯಿ ತೆರೆಸಿ ಮುಚ್ಚಿಸಿ, “ಅಜ್ಜಾ, ಮೊದಲು ಸದ್ದು ಬರ್ತಿತ್ತೇನು? ಈಗ ನಿಂತೈತೇನು?” ಎಂದು ಕೇಳಿದಳು. ಅಲ್ಲಿಯವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದು! ಕೆಳದವಡೆಯ ತುದಿಗೂ ತಲೆಬುರುಡೆಗೂ ನಡುವೆ ನಾರಿನ ಬಿಲ್ಲೆಯೊಂದಿದೆ. ಅದು ಮುಂದಕ್ಕೆ ಜಾರಿದ್ದು, ಬಾಯಿ ತೆರೆದಾಗ ಸ್ವಸ್ಥಾನಕ್ಕೆ ಮರಳಿದರೆ ಸದ್ದಾಗುತ್ತದೆ. ಮರಳದಿದ್ದರೆ ಸದ್ದಡಗಿ ದವಡೆ ಬಿಗಿಯುತ್ತದೆ. ಎಂ.ಆರ್.ಐ. ಚಿತ್ರವೂ ಇದನ್ನೇ ದೃಢಪಡಿಸಿತು.

ಇಂತಹ ನಿರ್ಣಯಕ್ಕೆ ಈಗ ನ್ಯೂರಲ್ ನೆಟ್‌ವರ್ಕ್ ಎಂಬ ಕೃತಕ ನರಜಾಲವೂ ನೆರವಾಗುತ್ತಿದೆಯೆಂದು ಆಕೆಯಿಂದಲೇ ತಿಳಿಯಿತು. 2012ರಲ್ಲಿ ಪ್ರಕಟವಾದ ಟರ್ಕಿ ದೇಶದ ವೈದ್ಯರ ಅಧ್ಯಯನವೊಂದರಲ್ಲಿ, 161 ರೋಗಿಗಳ ಲಕ್ಷಣಗಳನ್ನೂ ವೈದ್ಯರ ನಿರ್ಣಯಗಳನ್ನೂ ಗಣಕಕ್ಕೆ ಕಲಿಸಿ, ಬಳಿಕ 58 ಹೊಸ ರೋಗಿಗಳ ವಿಷಯದಲ್ಲಿ ಅದನ್ನು ಪರೀಕ್ಷಿಸಲಾಯಿತು. ಈಚೆಗೆ ಇಂತಹ ಜಾಲಗಳಿಗೆ ಕ್ಷ-ಕಿರಣ ಮತ್ತು ಎಂ.ಆರ್.ಐ. ಚಿತ್ರಗಳನ್ನು ಓದಲೂ ಕಲಿಸಲಾಗುತ್ತಿದೆ.

ಅದು ಕಲಿಯುವ ಬಗೆ ನಮ್ಮ ಪಾಠಶಾಲೆಯನ್ನು ನೆನಪಿಗೆ ತಂದಿತು. ಬಾಲಕನು ತಪ್ಪಾಗಿ ಉಚ್ಚರಿಸುತ್ತಾನೆ, ಗುರು ತಿದ್ದುತ್ತಾರೆ. ನೂರಾರು ಸಲ ತಿದ್ದಿದ ಮೇಲೆ ನಾಲಗೆ ಹದಕ್ಕೆ ಬರುತ್ತದೆ. ಜಾಲವೂ ಉತ್ತರ ಹೇಳುತ್ತದೆ. ತಪ್ಪಿನ ಪ್ರಮಾಣವನ್ನು ಹಿಂದಕ್ಕೆ ಹಾಯಿಸಿ, ಅದರೊಳಗಿನ ಕೊಂಡಿಗಳ ಬಲವನ್ನು ತುಸುತುಸುವೇ ಬದಲಿಸಲಾಗುತ್ತದೆ. 1986ರಲ್ಲಿ ಈ ವಿಧಾನವನ್ನು ಪ್ರಸಿದ್ಧಿಗೆ ತಂದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ 2024ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಆದರೆ ಶಿಷ್ಯನ ವಿದ್ಯೆ ಗುರುವಿನ ವಿದ್ಯೆಯನ್ನು ಅವಲಂಬಿಸಿದೆಯಷ್ಟೆ? ನಮ್ಮ ಹಲ್ಲು ಕಿತ್ತವರು ಬರೆದ ಉತ್ತರಗಳಿಂದಲೇ ಯಂತ್ರವು ಕಲಿತಿದ್ದರೆ, ಅದೂ ಹಲ್ಲು ಕೀಳಿರೆಂದೇ ಹೇಳುತ್ತಿತ್ತು. ಅಲ್ಲದೆ, ನೋವೇ ಇಲ್ಲದ ಅನೇಕರಲ್ಲಿಯೂ ಬಿಲ್ಲೆ ಜಾರಿರುವುದು ಚಿತ್ರಗಳಲ್ಲಿ ಕಂಡುಬರುತ್ತದೆ. ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ. ರೋಗಿಯನ್ನು ಕೇಳಿಯೇ ತಿಳಿಯಬೇಕು.

ಮೃದು ಆಹಾರ, ಬಿಸಿ ಶಾಖ, ವೈದ್ಯರು ಹೇಳಿಕೊಟ್ಟ ವ್ಯಾಯಾಮ ಇಷ್ಟರಿಂದಲೇ, ಶಸ್ತ್ರಕ್ರಿಯೆಯಿಲ್ಲದೆ, ನಮ್ಮ ಬಾಯಿ ಮತ್ತೆ ಮೂರು ಬೆರಳಿನಷ್ಟು ತೆರೆಯಿತು. ಪ್ರವಚನವೂ ಮುಂದುವರಿದಿದೆ. ಹೋದ ಹಲ್ಲು ಮಾತ್ರ ಮರಳಿ ಬರಲಿಲ್ಲ. ಆದುದರಿಂದ ಓದುಗ ಬಂಧುಗಳೇ, ಕಿವಿಯ ಮುಂದೆ ನೋವಿದ್ದರೆ ಹಲ್ಲನ್ನು ಒಪ್ಪಿಸುವ ಮುನ್ನ ಕೀಲನ್ನೂ ತೋರಿಸಿರಿ. ಯಂತ್ರದ ನೆರವು ದೊರೆತರೆ ಸ್ವೀಕರಿಸಿರಿ. ಆದರೆ ಬೆರಳಿಟ್ಟು ನೋಡಿ, ಕಿವಿಗೊಟ್ಟು ಕೇಳುವ ವೈದ್ಯರನ್ನು ಬಿಡಬೇಡಿರಿ.