ಕಾಬೂಲಿನ ಗಾಲಿಹಲಗೆ

ಹಿಂದೂಕುಷ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರುಗಳ ಎತ್ತರದಲ್ಲಿ ಹರಡಿಕೊಂಡಿರುವ ನಗರ ಕಾಬೂಲು. ಅಲ್ಲಿಯ ಚಳಿಗಾಲ ಕನ್ನಡನಾಡಿನ ಮಾಗಿಯ ಚಳಿಯಂಥದಲ್ಲ. ಡಿಸೆಂಬರು ಕಾಲಿಟ್ಟಿತೆಂದರೆ ಸುತ್ತಣ ಬೆಟ್ಟಗಳು ಬೆಳ್ಳಗಾಗುತ್ತವೆ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಆಗ ಮನೆಮಂದಿಯೆಲ್ಲ ‘ಸಂದಲಿ’ಯ ಸುತ್ತ ಸೇರುತ್ತಾರೆ. ಗಿಡ್ಡ ಮೇಜಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ಮೇಲೆ ದಪ್ಪನೆಯ ರಜಾಯಿಯನ್ನು ಹೊದಿಸಿ, ಅದರೊಳಗೆ ಕಾಲು ಚಾಚಿ ಕುಳಿತುಕೊಳ್ಳುವ ಏರ್ಪಾಡು ಅದು. ಶಾಲೆಗಳಿಗೂ ಆಗಲೇ ದೀರ್ಘ ರಜೆ. ಹೊಸ ತರಗತಿಗಳು ಆರಂಭವಾಗುವುದು ಮಾರ್ಚಿಯಲ್ಲಿ. ಮಕ್ಕಳಿಗೆ ಬಿಡುವು ದೊರೆಯುವ ಕಾಲವೂ ಹೊರಗೆ ಆಡಲಾಗದ ಕಾಲವೂ ಅಲ್ಲಿ ಒಂದೇ.

ಇಂಥ ಊರಿಗೆ 2007ರಲ್ಲಿ ಆಲಿವರ್ ಪರ್ಕೊವಿಚ್ ಎಂಬ ಆಸ್ಟ್ರೇಲಿಯದ ತರುಣ ಬಂದ. ಅವನ ಬಳಿ ಮೂರು ಸ್ಕೇಟ್‌ಬೋರ್ಡುಗಳಿದ್ದುವು. ಎರಡೂವರೆ ಅಡಿ ಉದ್ದದ ಹಲಗೆ, ಅದರ ಅಡಿಯಲ್ಲಿ ನಾಲ್ಕು ಪುಟ್ಟ ಗಾಲಿಗಳು: ಸ್ಕೇಟ್‌ಬೋರ್ಡ್ ಎಂದರೆ ಇಷ್ಟೆ. ಹಿಡಿಯಿಲ್ಲ, ತಡೆಯಿಲ್ಲ. ಸವಾರ ಮೈಯನ್ನು ವಾಲಿಸಿದ ಕಡೆಗೆ ಅದು ತಿರುಗುತ್ತದೆ. ಸೋವಿಯತ್ ನೆರವಿನಿಂದ ಕಟ್ಟಿದ ಮಕ್ರೋರಿಯಾನ್ ಎಂಬ ಬಡಾವಣೆಯಲ್ಲಿ ನೀರು ಬತ್ತಿದ ಹಳೆಯ ಕಾರಂಜಿಯ ತೊಟ್ಟಿಯೊಂದಿತ್ತು. ಅದರ ಸಿಮೆಂಟಿನ ನೆಲದ ಮೇಲೆ ಆತ ಓಡಾಡತೊಡಗಿದಾಗ ಮಕ್ಕಳು ಮುತ್ತಿಕೊಂಡರು. ಈ ಆಟದ ಚರಿತ್ರೆಯಲ್ಲಿ ಬತ್ತಿದ ತೊಟ್ಟಿಗಳಿಗೊಂದು ಪಾಲು ಉಂಟು. 1970ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಬರ ಬಂದು ಈಜುಕೊಳಗಳು ಬರಿದಾದಾಗ ಅಲ್ಲಿಯ ಹುಡುಗರು ಕೊಳಗಳ ಬಾಗಿದ ಗೋಡೆಗಳನ್ನೇರಿ ಈ ಆಟವನ್ನು ಬೆಳೆಸಿದ್ದರು.

ಮುತ್ತಿಕೊಂಡವರಲ್ಲಿ ಹೆಣ್ಣುಮಕ್ಕಳೂ ಇದ್ದರೆಂಬುದು ಗಮನಿಸಬೇಕಾದ ಸಂಗತಿ. ಆ ನಾಡಿನಲ್ಲಿ ಹುಡುಗಿ ಸೈಕಲ್ಲು ಹತ್ತಿದರೆ ಜನ ಆಡಿಕೊಳ್ಳುತ್ತಿದ್ದರು. ಆದರೆ ಗಾಲಿಹಲಗೆಯನ್ನು ಯಾರೂ ಕಂಡವರಲ್ಲ. ಅದು ಹುಡುಗರ ಆಟವೋ ಹುಡುಗಿಯರ ಆಟವೋ ಎಂದು ತೀರ್ಮಾನಿಸಿದವರೂ ಇರಲಿಲ್ಲ. ‘ಕೂಡದು’ ಎನ್ನುವ ಮಾತು ಹುಟ್ಟುವುದಕ್ಕೆ ಮೊದಲೇ ಹುಡುಗಿಯರು ಹಲಗೆಯ ಮೇಲೆ ಕಾಲಿಟ್ಟಿದ್ದರು.

ಆದರೆ ತೊಟ್ಟಿಗೆ ಸೂರಿಲ್ಲ. ಗಾಲಿಹಲಗೆಗೆ ಹಿಮದಂಥ ಶತ್ರು ಬೇರೆ ಇಲ್ಲ. ಅದರ ಗಾಲಿಗಳು ಕೇವಲ ಎರಡು ಅಂಗುಲ ಅಗಲದವು. ಹರಳೊಂದು ಅಡ್ಡ ಸಿಕ್ಕರೂ ಹಲಗೆ ತಟ್ಟನೆ ನಿಂತು ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ಒದ್ದೆ ನೆಲದಲ್ಲಿ ಗಾಲಿ ಹಿಡಿತ ತಪ್ಪಿ ಜಾರುತ್ತದೆ. ತೇವ ತಗುಲಿದರೆ ಗಾಲಿಯೊಳಗಿನ ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಮೇಪಲ್ ಮರದ ತೆಳುವಾದ ಪದರಗಳನ್ನು ಅಂಟಿಸಿ ಮಾಡಿದ ಹಲಗೆ ನೀರು ಕುಡಿದು ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆ. ಬೇಸಗೆಯಲ್ಲಿ ಕಲಿತ ಪಾಠವನ್ನು ಮೂರು ತಿಂಗಳ ಹಿಮ ಮರೆಸಿಬಿಡಬಲ್ಲುದು. ಕಲಿಕೆ ಮುಂದುವರಿಯಬೇಕಾದರೆ ಒಂದು ಛಾವಣಿ ಬೇಕಾಗಿತ್ತು.

ಆ ಛಾವಣಿ 2009ರ ಅಕ್ಟೋಬರಿನ ಕೊನೆಯಲ್ಲಿ ಸಿದ್ಧವಾಯಿತು. ಅಫ್ಘಾನಿಸ್ತಾನದ ಒಲಿಂಪಿಕ್ ಸಮಿತಿ ನೆಲ ಕೊಟ್ಟಿತು. ಹಲವು ದೇಶಗಳಿಂದ ಹಣವೂ ಸಾಮಗ್ರಿಯೂ ಬಂದುವು. ಹೆಸರು ‘ಸ್ಕೇಟಿಸ್ತಾನ್’. ಒಳಗೆ ಇಳಿಜಾರುಗಳೂ ದಿಬ್ಬಗಳೂ ಇದ್ದ ವಿಶಾಲವಾದ ಅಂಗಳ, ಅದರೊಡನೆ ಪಾಠದ ಕೋಣೆಗಳು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ದಿನಗಳು. ಹುಡುಗಿಯರಿಗೆ ಕಲಿಸುವವರು ಹೆಂಗಸರೇ. ಅವರನ್ನು ಮನೆಯಿಂದ ಕರೆತರಲು ವಾಹನವೂ ಇತ್ತು. ಹಿಮವನ್ನು ತಡೆಯಲೆಂದು ಎಬ್ಬಿಸಿದ ಗೋಡೆಗಳು ಬೀದಿಯ ಕಣ್ಣುಗಳನ್ನೂ ತಡೆದುವು. ಹುಡುಗಿಯರ ಪಾಲಿಗೆ ಹಿಮಕ್ಕಿಂತ ಈ ಕಣ್ಣುಗಳೇ ಹೆಚ್ಚು ಕಠಿಣವಾಗಿದ್ದುವೆಂದರೆ ತಪ್ಪಾಗದು.

ಮೊದಲ ಪಾಠ ನೋಡಲು ಸುಲಭ, ಮಾಡಲು ಕಷ್ಟ. ತಲೆವಸ್ತ್ರದ ಮೇಲೆ ಹೆಲ್ಮೆಟ್ಟು. ಮೊಣಕಾಲು, ಮೊಣಕೈಗಳಿಗೆ ಮೆತ್ತೆ. ಶಿಕ್ಷಕಿ ಎದುರು ನಿಂತು ಎರಡೂ ಕೈಗಳನ್ನು ಹಿಡಿಯುತ್ತಾಳೆ. ಮಂಡಿಗಳನ್ನು ತುಸು ಬಾಗಿಸಿ ನಿಲ್ಲಬೇಕು. ಒಂದು ಕಾಲು ಹಲಗೆಯ ಮೇಲೆ, ಇನ್ನೊಂದು ನೆಲವನ್ನು ಒತ್ತಬೇಕು. ಭಯದಿಂದ ಮೈಯನ್ನು ಹಿಂದಕ್ಕೆ ಎಳೆದುಕೊಂಡವಳ ಕಾಲಡಿಯಿಂದ ಹಲಗೆ ಓಡಿಹೋಗುತ್ತದೆ. ಅವಳು ಬೀಳುತ್ತಾಳೆ, ಉಳಿದವರು ನಗುತ್ತಾರೆ, ಅವಳೂ ನಗುತ್ತಾಳೆ. ಮುಂದಕ್ಕೆ ವಾಲುವ ಧೈರ್ಯ ಬಂದ ದಿನ ಶಿಕ್ಷಕಿ ಕೈ ಬಿಡುತ್ತಾಳೆ.

ಅಲ್ಲಿಗೆ ಬರುತ್ತಿದ್ದವರಲ್ಲಿ ಬೀದಿಯಲ್ಲಿ ದುಡಿಯುವ ಮಕ್ಕಳು ಹಲವರಿದ್ದರು. ಆಟದ ಆಸೆಗೆ ಬಂದವರನ್ನು ಅಕ್ಷರದ ಕಡೆಗೂ ತಿರುಗಿಸಿ, ಮೊದಲ ತರಗತಿಗಳ ಪಾಠಗಳನ್ನು ಬೇಗ ಬೇಗ ಕಲಿಸಿ, ಸರಕಾರಿ ಶಾಲೆಗೆ ಸೇರಿಸುವುದು ಸ್ಕೇಟಿಸ್ತಾನಿನ ಪದ್ಧತಿಯಾಗಿತ್ತು. ಯುದ್ಧವೇನೂ ದೂರ ಸರಿದಿರಲಿಲ್ಲ. 2012ರ ಸೆಪ್ಟೆಂಬರ್ 8ರಂದು ವಿದೇಶೀ ಸೇನೆಯ ಕಚೇರಿಯ ಬಳಿ ನಡೆದ ಆತ್ಮಾಹುತಿ ಸ್ಫೋಟದಲ್ಲಿ ಮಡಿದ ಮಕ್ಕಳಲ್ಲಿ ಈ ಅಂಗಳದಲ್ಲಿ ಆಡಿದವರೂ ಇದ್ದರು. ಶೋಕದ ನಡುವೆಯೂ ಪಾಠಗಳು ನಡೆದುವು. ಇಲ್ಲಿಯ ಹುಡುಗಿಯರನ್ನು ಕುರಿತು ಕ್ಯಾರಲ್ ಡೈಸಿಂಜರ್ ಎಂಬಾಕೆ ನಿರ್ದೇಶಿಸಿದ ಸಾಕ್ಷ್ಯಚಿತ್ರ 2020ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು.

ಮರುವರ್ಷ, 2021ರಲ್ಲಿ, ಸ್ಕೇಟ್‌ಬೋರ್ಡ್ ಆಟ ಮೊದಲ ಬಾರಿಗೆ ಒಲಿಂಪಿಕ್ಸನ್ನು ಪ್ರವೇಶಿಸಿತು. ಜುಲೈ 26ರಂದು ಟೋಕಿಯೋದಲ್ಲಿ ಮೊಮಿಜಿ ನಿಶಿಯಾ ಎಂಬ 13 ವರ್ಷದ ಬಾಲೆ ಚಿನ್ನದ ಪದಕವನ್ನು ಕೊರಳಿಗೆ ಹಾಕಿಕೊಂಡಳು. ಅಲ್ಲಿಂದ ಇಪ್ಪತ್ತನೆಯ ದಿನ, ಆಗಸ್ಟ್ 15ರಂದು, ಕಾಬೂಲು ತಾಲಿಬಾನರ ವಶವಾಯಿತು. ಸ್ಕೇಟಿಸ್ತಾನಿನ ಬಾಗಿಲು ಮುಚ್ಚಿತು. ಸೆಪ್ಟೆಂಬರಿನಲ್ಲಿ ಪ್ರೌಢಶಾಲೆಗಳು ತೆರೆದಾಗ ಹುಡುಗರನ್ನಷ್ಟೇ ಕರೆಯಲಾಯಿತು.

2009ರ ಚಳಿಗಾಲದಲ್ಲಿ ಏಳೆಂಟು ವರ್ಷದವಳಾಗಿ ಆ ಸೂರಿನಡಿ ಹಲಗೆಯೇರಿದ ಹುಡುಗಿಗೆ ಆ ವೇಳೆಗೆ ಇಪ್ಪತ್ತರ ಹರೆಯ. ಅವಳು ತನ್ನ ಪಾಲಿನ ಓದನ್ನು ಹೇಗೋ ಮುಗಿಸಿದ್ದಿರಬಹುದು. ಒಂಬತ್ತನೆಯ ತರಗತಿಗೆ ಹೋಗಬೇಕಾಗಿದ್ದ ಅವಳ ತಂಗಿ ಮನೆಯಲ್ಲೇ ಉಳಿದಳು.